ಕೆಂಪು ಚೆಂಡಿನಿಂದ ಗ್ರ್ಯಾಂಡ್ ಸ್ಲಾಮ್‌ವರೆಗೆ: ಮಗಳನ್ನು ಟೆನಿಸ್ ವೃತ್ತಿಗೆ ಕಳಿಸುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಅಕ್ಕನ ಮಗಳು ಏಳನೇ ವಯಸ್ಸಿಗೆ ರಾಕೆಟ್ ಹಿಡಿದಳು. ಅಕ್ಕ ಊಟ ತಿಂಡಿ ನೋಡಿಕೊಂಡಳು, ಭಾವ ಕೋಚ್ ಹುಡುಕಿದರು. ನನ್ನ ಪಾಲಿಗೆ ಬಂದದ್ದು ಲೆಕ್ಕದ ಪುಸ್ತಕ. ಟಿಕೆಟ್, ವೀಸಾ, ಗಟ್ಟಿಂಗ್ (ರಾಕೆಟ್ಟಿಗೆ ತಂತಿ ಹಾಕಿಸುವ) ಖರ್ಚು, ಯಾವ ವಾರ ಯಾವ ಊರು, ಎಲ್ಲವನ್ನೂ ನಾನೇ ಬರೆದಿಟ್ಟೆ. ಹತ್ತು ವರ್ಷ ಬರೆದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಫೋರ್‌ಹ್ಯಾಂಡ್ ಕಲಿಸಲು ಏರಿಯಾಕ್ಕೊಬ್ಬ ಕೋಚ್ ಸಿಗುತ್ತಾನೆ, ಕ್ಯಾಲೆಂಡರ್ ಓದುವುದನ್ನು ಯಾರೂ ಹೇಳಿಕೊಡುವುದಿಲ್ಲ. ನಾನು ಕಂಡ ಒಳ್ಳೆಯ ಹುಡುಗಿಯರಲ್ಲಿ ಬಹಳ ಮಂದಿ ಎಡವಿದ್ದು ಅಲ್ಲೇ. ಹಾಗಾಗಿ ಇಲ್ಲಿ ಆಟದ ಪಾಠ ಕಡಿಮೆ, ಲೆಕ್ಕದ ಪಾಠ ಜಾಸ್ತಿ.

ಶುರು ಮಾಡುವ ಮುನ್ನ ಒಂದು ಖಾರದ ಮಾತು ಕೇಳಿಬಿಡಿ. ಸಿಂಗಲ್ಸ್‌ನಲ್ಲಿ ವಿಶ್ವದ ಮೊದಲ ನೂರರೊಳಗೆ ಬಂದ ಭಾರತದ ಆಟಗಾರ್ತಿ ಸಾನಿಯಾ ಮಿರ್ಜಾ ಒಬ್ಬರೇ. 2007ರ ಆಗಸ್ಟ್‌ನಲ್ಲಿ ಅವರು 27ನೇ ಸ್ಥಾನಕ್ಕೆ ಏರಿದ್ದರು. ನಿರುಪಮಾ ವೈದ್ಯನಾಥನ್ 1998ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಒಂದು ಸುತ್ತು ಗೆದ್ದಾಗ, ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನ ಮುಖ್ಯ ಸುತ್ತಿನಲ್ಲಿ ನಮ್ಮ ಹೆಣ್ಣುಮಗಳೊಬ್ಬಳು ಪಂದ್ಯ ಗೆದ್ದದ್ದು, 1968ರಲ್ಲಿ ಶುರುವಾದ ಓಪನ್ ಯುಗದಲ್ಲಿ, ಅದೇ ಮೊದಲು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ‘ಮಗಳು ಇನ್ನೊಬ್ಬ ಸಾನಿಯಾ ಆಗ್ತಾಳೆ’ ಎಂದು ಯಾರಾದರೂ ಫೀಸು ಕೇಳಿದರೆ, ಈ ಲೆಕ್ಕ ನಿಮ್ಮ ತಲೆಯಲ್ಲಿರಲಿ.

ಹೆಜ್ಜೆ 1: ಹತ್ತು ವರ್ಷದವರೆಗೆ ಬಣ್ಣದ ಚೆಂಡು

ಪುಟ್ಟ ಮಕ್ಕಳಿಗೆ ಹಳದಿ ಚೆಂಡು ಕೊಡಬೇಡಿ. ಅದು ಅವರ ತಲೆಯ ಮೇಲೆ ಪುಟಿಯುತ್ತದೆ. ಮಗು ಮಣಿಕಟ್ಟು ತಿರುಚಿ ಹೇಗೋ ಹೊಡೆಯುವುದನ್ನು ಕಲಿಯುತ್ತದೆ, ಆಮೇಲೆ ಅದನ್ನು ಬಿಡಿಸಲು ವರ್ಷಗಟ್ಟಲೆ ಬೇಕು. ಮೊದಲು ಕೆಂಪು, ನಂತರ ಕಿತ್ತಳೆ, ಆಮೇಲೆ ಹಸಿರು. ಕೆಂಪು ಚೆಂಡು ಮಾಮೂಲಿ ಚೆಂಡಿಗಿಂತ ಶೇ. 75ರಷ್ಟು ನಿಧಾನ, ಕಿತ್ತಳೆಯದು ಶೇ. 50, ಹಸಿರಿನದು ಶೇ. 25. ಅಂಕಣವೂ ಹಾಗೇ ಚಿಕ್ಕದರಿಂದ ದೊಡ್ಡದಾಗುತ್ತದೆ. ಪೂರ್ತಿ ಅಂಕಣದ ಉದ್ದ 23.77 ಮೀಟರ್, ಏಳು ವರ್ಷದ ಮಗುವಿಗೆ ಅದು ಮೈದಾನವೇ ಸರಿ.

ಈ ವಯಸ್ಸಿನಲ್ಲಿ ಈಜು, ಓಟ, ಖೋಖೋ ಎಲ್ಲವೂ ಇರಲಿ. ಖೋಖೋ ಆಡಿದ ಹುಡುಗಿಯ ಕಾಲು ಟೆನಿಸ್ ಅಂಕಣದಲ್ಲಿ ಬೇರೆಯದೇ ಥರ ಓಡುತ್ತದೆ.

ಹೆಜ್ಜೆ 2: ಐಟಾ ಟೂರ್ನಿಗಳು

ಅಖಿಲ ಭಾರತ ಟೆನಿಸ್ ಸಂಸ್ಥೆಯನ್ನು ಅಂಕಣದಲ್ಲಿ ಎಲ್ಲರೂ ಐಟಾ ಎನ್ನುತ್ತಾರೆ. ಅಲ್ಲಿ ಆಟಗಾರ್ತಿಯಾಗಿ ನೋಂದಣಿ ಮಾಡಿಸಿ ನಂಬರ್ ಪಡೆಯಬೇಕು. ಜನನ ಪ್ರಮಾಣ ಪತ್ರದಲ್ಲಿ ಹೆಸರು, ಇನಿಷಿಯಲ್ ಪಾಸ್‌ಪೋರ್ಟಿನಂತೆಯೇ ಇದೆಯೇ ನೋಡಿಕೊಳ್ಳಿ. ನಮ್ಮ ಕಡೆ ಇನಿಷಿಯಲ್ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಅಲ್ವಾ? ನಮ್ಮ ಹುಡುಗಿಗೆ ಅದನ್ನು ಸರಿಪಡಿಸುವುದರಲ್ಲೇ ಒಂದು ಬೇಸಿಗೆ ಹೋಯಿತು.

12, 14, 16, 18 ವರ್ಷದೊಳಗಿನವರು ಮತ್ತು ಮಹಿಳೆಯರು ಎಂದು ವಿಭಾಗಗಳಿವೆ. ಟ್ಯಾಲೆಂಟ್ ಸೀರೀಸ್‌ನಿಂದ ಶುರುವಾಗಿ ರಾಷ್ಟ್ರೀಯ ಮಟ್ಟದವರೆಗೆ ಮೆಟ್ಟಿಲುಗಳಿವೆ. ರಾಜ್ಯದ ಟೂರ್ನಿಗಳ ವಿವರ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ, ಅಂದರೆ ಕೆಎಸ್‌ಎಲ್‌ಟಿಎಯಲ್ಲಿ ಸಿಗುತ್ತದೆ. ಅಲ್ಲಿ ದೊಡ್ಡ ಟೂರ್ನಿ ನಡೆದಾಗ ಮಗಳನ್ನು ಕರೆದುಕೊಂಡು ಹೋಗಿ ಗ್ಯಾಲರಿಯಲ್ಲಿ ಕೂರಿಸಿ. 2008ರಲ್ಲಿ ಸೆರೆನಾ ವಿಲಿಯಮ್ಸ್ ಬೆಂಗಳೂರಿಗೆ ಬಂದು ಪ್ರಶಸ್ತಿ ಗೆದ್ದಿದ್ದರು. ಅಷ್ಟು ದೊಡ್ಡ ಹೆಸರು ಬರದಿದ್ದರೂ ಪರವಾಗಿಲ್ಲ. ವಿಶ್ವದಲ್ಲಿ 300ನೇ ಸ್ಥಾನದ ಆಟಗಾರ್ತಿ ಪಂದ್ಯಕ್ಕೆ ಮುಂಚೆ ಹೇಗೆ ಬೆವರು ಬರಿಸಿಕೊಳ್ಳುತ್ತಾಳೆ, ಸೋತ ಮೇಲೆ ಏನು ತಿನ್ನುತ್ತಾಳೆ ಎಂದು ನೋಡುವುದೇ ಒಂದು ಪಾಠ.

ಹನ್ನೆರಡರೊಳಗಿನ ರ‍್ಯಾಂಕಿಂಗ್ ಹಿಂದೆ ಮಾತ್ರ ಓಡಬೇಡಿ. ಆ ವಯಸ್ಸಿನಲ್ಲಿ ಚೆಂಡನ್ನು ಎತ್ತರಕ್ಕೆ ಹೊಡೆದು ಎದುರಾಳಿ ತಪ್ಪು ಮಾಡುವುದನ್ನು ಕಾಯುವವಳೇ ಗೆಲ್ಲುತ್ತಾಳೆ. ಹದಿನಾರಕ್ಕೆ ಆ ಆಟ ನಡೆಯುವುದಿಲ್ಲ. ಸೋತರೂ ಪೂರ್ತಿ ಸರ್ವ್ ಮಾಡುವ ಅಭ್ಯಾಸ ಈಗಲೇ ಆಗಬೇಕು.

ಶಾಲೆಯ ವಿಷಯ. ಎಂಟನೇ ತರಗತಿ ದಾಟಿದ ಮೇಲೆ ಹಾಜರಾತಿ ತಲೆನೋವಾಗುತ್ತದೆ. ಎನ್‌ಐಒಎಸ್ ಮುಕ್ತ ಶಾಲೆಯಲ್ಲಿ ಓದುವ ಆಟಗಾರರು ಬಹಳ ಮಂದಿ ಇದ್ದಾರೆ. ಆದರೆ ಮನೆಯಲ್ಲಿ ಕೂತು ಓದಿಸುವವರು ಯಾರು ಎಂದು ಮೊದಲೇ ತೀರ್ಮಾನ ಆಗಲಿ.

ಹೆಜ್ಜೆ 3: ಐಟಿಎಫ್ ಜೂನಿಯರ್

13 ತುಂಬಿದ ಮೇಲೆ ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಜೂನಿಯರ್ ಟೂರ್ನಿಗಳನ್ನು ಆಡಬಹುದು. ಅದಕ್ಕೆ ಐಪಿನ್ ಎಂಬ ಆಟಗಾರರ ಗುರುತಿನ ಸಂಖ್ಯೆ ಬೇಕು. ಜೆ30, ಜೆ60, ಜೆ100, ಜೆ200, ಜೆ300, ಜೆ500 ಎಂದು ದರ್ಜೆಗಳಿವೆ, ಎಲ್ಲಕ್ಕಿಂತ ಮೇಲೆ ಜೂನಿಯರ್ ಗ್ರ್ಯಾಂಡ್ ಸ್ಲಾಮ್. ಸಾನಿಯಾ 2003ರಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದದ್ದು ಈ ದಾರಿಯಲ್ಲೇ.

ಇಲ್ಲಿ ಒಂದು ಬಲೆ ಇದೆ. ದೂರದ ದೇಶಗಳ ಚಿಕ್ಕ ಜೆ30ಗಳಿಗೆ ಓಡಾಡಿ ಪಾಯಿಂಟ್ ಕೂಡಿಸುವುದು ಸುಲಭ. ರ‍್ಯಾಂಕಿಂಗ್ ಚಂದ ಕಾಣುತ್ತದೆ, ಆಟ ಬೆಳೆಯುವುದಿಲ್ಲ. ವರ್ಷಕ್ಕೆ ಹತ್ತು ವಾರ ಪ್ರಯಾಣ ಮಾಡಿದರೆ ಇಪ್ಪತ್ತು ವಾರವಾದರೂ ಮನೆಯ ಅಂಕಣದಲ್ಲಿ ಅಭ್ಯಾಸ ಇರಬೇಕು ಎಂಬುದು ನಮ್ಮ ಕೋಚ್ ಹಾಕಿದ ಲೆಕ್ಕ. ಅದು ಸರಿ ಅಂತ ನನಗೂ ಅನಿಸಿತು.

ಜೂನಿಯರ್ ರ‍್ಯಾಂಕಿಂಗ್‌ನಲ್ಲಿ ಮೊದಲ ನೂರರೊಳಗೆ ಬಂದರೆ ಒಂದು ನಿಜವಾದ ಲಾಭ ಇದೆ. ಚಿಕ್ಕ ವೃತ್ತಿಪರ ಟೂರ್ನಿಗಳಲ್ಲಿ ಅಂಥವರಿಗೆ ಕೆಲವು ಸ್ಥಾನಗಳನ್ನು ಮೀಸಲಿಟ್ಟಿರುತ್ತಾರೆ. ಕ್ವಾಲಿಫೈಯಿಂಗ್ ಎಂಬ ಅರ್ಹತಾ ಸುತ್ತು ಆಡದೆ ನೇರವಾಗಿ ಮೇನ್ ಡ್ರಾ, ಅಂದರೆ ಮುಖ್ಯ ಸುತ್ತು ಸಿಗುತ್ತದೆ.

ಹೆಜ್ಜೆ 4: ವಯಸ್ಸಿನ ನಿಯಮ ತಿಳಿದುಕೊಳ್ಳಿ

14 ತುಂಬುವವರೆಗೆ ಹುಡುಗಿ ವೃತ್ತಿಪರ ಟೂರ್ನಿ ಆಡುವಂತಿಲ್ಲ. ಅದಾದ ಮೇಲೂ ವರ್ಷಕ್ಕೆ ಇಂತಿಷ್ಟೇ ಟೂರ್ನಿ ಎಂಬ ಮಿತಿ ಇದೆ. ಪ್ರತಿ ಹುಟ್ಟುಹಬ್ಬಕ್ಕೂ ಅದು ಸ್ವಲ್ಪ ಸಡಿಲವಾಗುತ್ತದೆ, 18ಕ್ಕೆ ಪೂರ್ತಿ ಹೋಗುತ್ತದೆ.

ಇದು ಸುಮ್ನೆ ಮಾಡಿದ ನಿಯಮ ಅಲ್ಲ. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 14 ತುಂಬುವ ಮೊದಲೇ ತಮ್ಮ ಮೊದಲ ವೃತ್ತಿಪರ ಟೂರ್ನಿ ಆಡಿ ಫೈನಲ್ ತಲುಪಿದರು. ಹದಿನೇಳಕ್ಕೆ ಆಟ ಸಾಕಾಗಿ ಹೋಗಿತ್ತು. 1995ರಿಂದ ಮಹಿಳಾ ಟೆನಿಸ್ ಸಂಸ್ಥೆಯಾದ ಡಬ್ಲ್ಯೂಟಿಎ ಈ ಮಿತಿ ತಂದಿತು. ಕ್ಯಾಪ್ರಿಯಾಟಿ ಮತ್ತೆ ಬಂದು 2001ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಆದರೆ ನಡುವಿನ ಆ ವರ್ಷಗಳನ್ನು ಯಾವ ತಂದೆ ತಾಯಿಯೂ ತಮ್ಮ ಮಗಳಿಗೆ ಬಯಸಲಾರರು.

ಹೆಜ್ಜೆ 5: ಹದಿನೇಳಕ್ಕೆ ಕವಲುದಾರಿ

ನೇರವಾಗಿ ವೃತ್ತಿಗೆ ಇಳಿಯಬೇಕೆ, ಅಮೆರಿಕದ ಕಾಲೇಜಿಗೆ ಸ್ಕಾಲರ್‌ಶಿಪ್ ಮೇಲೆ ಹೋಗಬೇಕೆ? ಹಿಂದೆ ಕಾಲೇಜು ಎಂದರೆ ಆಟ ಮುಗಿಯಿತು ಎನ್ನುತ್ತಿದ್ದರು. ಡೇನಿಯಲ್ ಕಾಲಿನ್ಸ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ, ಓದು ಮುಗಿಸಿ, 2022ರ ಆಸ್ಟ್ರೇಲಿಯನ್ ಓಪನ್ ಫೈನಲ್ ಆಡಿದರು. ನಮ್ಮ ಪಕ್ಕದ ಹೈದರಾಬಾದಿನ ಸಹಜಾ ಯಮಲಪಲ್ಲಿ ಅಮೆರಿಕದ ಕಾಲೇಜಿನಲ್ಲಿ ಆಡಿ ಬಂದು ಈಗ ಭಾರತ ತಂಡಕ್ಕೆ ಆಡುತ್ತಾರೆ. ಚೀನಾದ ಲೀ ನಾ ಇಪ್ಪತ್ತರಲ್ಲಿ ಆಟ ಬಿಟ್ಟು ಪತ್ರಿಕೋದ್ಯಮ ಓದಲು ಹೋದವರು. 2004ರಲ್ಲಿ ವಾಪಸ್ ಬಂದು 2011ರಲ್ಲಿ ಫ್ರೆಂಚ್ ಓಪನ್ ಗೆದ್ದರು.

ನನ್ನ ಅಳತೆಗೋಲು ಇಷ್ಟೇ. ಹದಿನೆಂಟರ ಹೊತ್ತಿಗೆ ವಿಶ್ವದ ಮೊದಲ 400ರ ಹತ್ತಿರ ಬಂದಿದ್ದರೆ, ಕೈಯಲ್ಲಿ ಮೂರು ವರ್ಷದ ಖರ್ಚಿಗೆ ದುಡ್ಡಿದ್ದರೆ, ವೃತ್ತಿಗೆ ಇಳಿಯಿರಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಕಾಲೇಜೇ ಮೇಲು. ಅಲ್ಲಿ ಕೋಚ್, ಜಿಮ್, ಫಿಸಿಯೊ, ಪಂದ್ಯ ಎಲ್ಲ ಸಿಗುತ್ತವೆ. ನಮ್ಮ ಹುಡುಗಿ ಎರಡು ವರ್ಷ ವೃತ್ತಿಪರ ಟೂರ್ನಿ ಆಡಿ ನೋಡಿ ಆಮೇಲೆ ಕಾಲೇಜಿಗೆ ಹೋದಳು. ಬಹುಮಾನದ ಹಣ ತೆಗೆದುಕೊಳ್ಳುವುದಕ್ಕೆ ಕಾಲೇಜಿನವರದ್ದೇ ನಿಯಮಗಳಿವೆ. ಮೊದಲ ಚೆಕ್ ಪಡೆಯುವ ಮುನ್ನ ಕೇಳಿಕೊಳ್ಳಿ.

ಹೆಜ್ಜೆ 6: ಡಬ್ಲ್ಯೂ15, ಅಂದರೆ ಮರಳುಗಾಡು

ವೃತ್ತಿಪರ ಮಹಿಳಾ ಟೆನಿಸ್‌ನ ಕೆಳಗಿನ ಮೆಟ್ಟಿಲು ಐಟಿಎಫ್ ನಡೆಸುವ ಡಬ್ಲ್ಯೂ15. ಅದರ ಮೇಲೆ ಡಬ್ಲ್ಯೂ35, 50, 75, 100. ಈ ಸಂಖ್ಯೆಯೇ ಗೆದ್ದವಳಿಗೆ ಸಿಗುವ ಪಾಯಿಂಟ್ ಕೂಡ. ಅದಕ್ಕೂ ಮೇಲೆ ಡಬ್ಲ್ಯೂಟಿಎಯ 125, 250, 500, 1000. ತುದಿಯಲ್ಲಿ 2000 ಪಾಯಿಂಟ್ ಕೊಡುವ ಗ್ರ್ಯಾಂಡ್ ಸ್ಲಾಮ್‌ಗಳು.

ಡಬ್ಲ್ಯೂ15ರಲ್ಲಿ ಮೇನ್ ಡ್ರಾಗೆ 32 ಮಂದಿ. ಮೊದಲ ಸುತ್ತಿನಲ್ಲಿ ಸೋತರೆ ಪಾಯಿಂಟ್ ಇಲ್ಲ. ಒಂದು ಪಂದ್ಯ ಗೆದ್ದರೆ 1, ಕ್ವಾರ್ಟರ್ ಫೈನಲ್‌ಗೆ 3, ಸೆಮಿಗೆ 6, ಫೈನಲ್‌ಗೆ 10, ಗೆದ್ದರೆ 15. ವಿಶ್ವ ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಮೂರು ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಿರಬೇಕು, ಇಲ್ಲವೇ ಒಟ್ಟು ಕನಿಷ್ಠ 10 ಪಾಯಿಂಟ್ ಇರಬೇಕು. ಮೊದಲ ಪಾಯಿಂಟ್ ಬಂದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಮಾರನೇ ವಾರ ರ‍್ಯಾಂಕಿಂಗ್ ಪಟ್ಟಿ ತೆರೆದರೆ ಹೆಸರೇ ಇಲ್ಲ! ಈ ನಿಯಮ ನನಗೆ ಗೊತ್ತಾದದ್ದು ಅವತ್ತೇ.

ಎಂಟ್ರಿ ಹೇಗೆ? ಟೂರ್ನಿ ಶುರುವಾಗುವ ಸೋಮವಾರಕ್ಕೆ 18 ದಿನ ಮುಂಚಿನ ಗುರುವಾರ ಕೊನೆಯ ದಿನ. ಗ್ರೀನಿಚ್ ಸಮಯ ಮಧ್ಯಾಹ್ನ 2 ಗಂಟೆ ಎಂದರೆ ನಮ್ಮಲ್ಲಿ ಸಂಜೆ 7.30. ಒಂದೇ ವಾರಕ್ಕೆ ಹಲವು ಟೂರ್ನಿಗಳನ್ನು ಇಷ್ಟದ ಕ್ರಮದಲ್ಲಿ ಹಾಕಬಹುದು. ಪಟ್ಟಿ ಬಂದಾಗ ಹೆಸರು ಮೇನ್ ಡ್ರಾದಲ್ಲಿ ಇರುತ್ತದೆ, ಇಲ್ಲವೇ ಕ್ವಾಲಿಫೈಯಿಂಗ್‌ನಲ್ಲಿ, ಅದೂ ಇಲ್ಲದಿದ್ದರೆ ಕಾಯುವವರ ಸಾಲಿನಲ್ಲಿ. ರ‍್ಯಾಂಕಿಂಗ್ ಇಲ್ಲದವರನ್ನು ವಿಶ್ವ ಟೆನಿಸ್ ಸಂಖ್ಯೆ (ಆಟದ ಮಟ್ಟ ಅಳೆಯುವ ಅಂಕಿ) ನೋಡಿ ಸೇರಿಸುತ್ತಾರೆ. ಅದು 40ರಿಂದ 1ರವರೆಗೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಹೋಗಲು ಆಗದಿದ್ದರೆ ಟೂರ್ನಿಗೆ 13 ದಿನ ಮುಂಚಿನ ಮಂಗಳವಾರದೊಳಗೆ ಹೆಸರು ಹಿಂತೆಗೆಯಿರಿ. ತಡವಾದರೆ ದಂಡ. ಫೋನಿನಲ್ಲಿ ಗುರುವಾರಕ್ಕೊಂದು, ಮಂಗಳವಾರಕ್ಕೊಂದು ಅಲಾರಂ ಇಟ್ಟುಬಿಡಿ. ಪ್ರತಿ ಟೂರ್ನಿಗೂ ಒಂದು ಫ್ಯಾಕ್ಟ್ ಶೀಟ್ ಇರುತ್ತದೆ. ಯಾವ ಚೆಂಡು, ಯಾವ ನೆಲ, ಹೋಟೆಲ್ ಎಷ್ಟು ದೂರ, ಎಲ್ಲ ಅದರಲ್ಲಿರುತ್ತದೆ. ಟಿಕೆಟ್ ಮಾಡುವ ಮುನ್ನ ಓದಿ.

ಟುನೀಶಿಯಾದ ಮೊನಾಸ್ಟಿರ್, ಟರ್ಕಿಯ ಅಂಟಾಲ್ಯ, ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ವಾರದ ಮೇಲೆ ವಾರ ಡಬ್ಲ್ಯೂ15 ನಡೆಯುತ್ತವೆ. ಒಂದೇ ವಿಮಾನದ ಖರ್ಚಿನಲ್ಲಿ ಮೂರು ನಾಲ್ಕು ಟೂರ್ನಿ ಆಡಬಹುದು, ಹಾಗಾಗಿ ನಮ್ಮವರು ತುಂಬಾ ಮಂದಿ ಅಲ್ಲಿಗೆ ಹೋಗುತ್ತಾರೆ. ಒಳ್ಳೆಯದೇ. ಆದರೆ ಹುಡುಗಿಯನ್ನು ಒಂಟಿಯಾಗಿ ಕಳಿಸಬೇಡಿ. ಇಬ್ಬರು ಮೂವರು ಹುಡುಗಿಯರು ಸೇರಿ ಒಬ್ಬ ಕೋಚನ್ನು ಕರೆದುಕೊಂಡು ಹೋದರೆ ಖರ್ಚು ಹಂಚಿಹೋಗುತ್ತದೆ. ಸಂಜೆ ಅವಲಕ್ಕಿ ಒಗ್ಗರಣೆ ಹಾಕಿಕೊಳ್ಳುವುದಕ್ಕೂ ಜೊತೆ ಇರುತ್ತದೆ.

ಈಗ ದುಡ್ಡಿಗೆ ಬರೋಣ. ಡಬ್ಲ್ಯೂ15 ಟೂರ್ನಿಯ ಇಡೀ ಬಹುಮಾನ 15,000 ಡಾಲರ್. ಸಿಂಗಲ್ಸ್, ಡಬಲ್ಸ್, ಎಲ್ಲ ಸುತ್ತಿಗೂ ಸೇರಿ ಅಷ್ಟೇ. ಮೊದಲ ಸುತ್ತಿನಲ್ಲಿ ಸೋತವಳಿಗೆ ಇನ್ನೂರು ಡಾಲರ್ ಕೂಡ ಸಿಗುವುದಿಲ್ಲ. ಅದರಲ್ಲೂ ಹಲವು ದೇಶಗಳಲ್ಲಿ ತೆರಿಗೆ ಹಿಡಿದುಕೊಂಡೇ ಕೊಡುತ್ತಾರೆ. ರಾಕೆಟ್ ಗಟ್ಟಿಂಗ್, ಊಟ, ಹೋಟೆಲ್, ಬಟ್ಟೆ ಒಗೆಸುವುದು ಎಲ್ಲ ಕೈಯಿಂದಲೇ. ಈ ಮಟ್ಟದಲ್ಲಿ ಗೆಲ್ಲುವವಳೂ ನಷ್ಟದಲ್ಲೇ ಇರುತ್ತಾಳೆ. ಗಟ್ಟಿಂಗ್ ತಂತಿಯನ್ನು ಬಿಡಿಬಿಡಿಯಾಗಿ ಕೊಳ್ಳುವ ಬದಲು 200 ಮೀಟರಿನ ರೀಲ್ ತಂದರೆ, ರಾಕೆಟ್ಟಿಗೆ 12 ಮೀಟರಿನಂತೆ 16 ಬಾರಿ ಹಾಕಿಸಬಹುದು. ಚಿಲ್ಲರೆ ಉಳಿತಾಯ ಅನಿಸುತ್ತದೆ. ವರ್ಷದ ಕೊನೆಗೆ ಅದೇ ಒಂದು ವಿಮಾನ ಟಿಕೆಟ್.

ಹೆಜ್ಜೆ 7: 52 ವಾರ, 18 ಟೂರ್ನಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಸಿಂಗಲ್ಸ್ ರ‍್ಯಾಂಕಿಂಗ್‌ಗೆ ಕಳೆದ 52 ವಾರಗಳ ಅತ್ಯುತ್ತಮ 18 ಟೂರ್ನಿಗಳ ಪಾಯಿಂಟ್ ಲೆಕ್ಕಕ್ಕೆ ಬರುತ್ತದೆ. ಒಂದು ವಾರ ಗಳಿಸಿದ್ದು ಮುಂದಿನ ವರ್ಷ ಅದೇ ಹೊತ್ತಿಗೆ ಉದುರಿಹೋಗುತ್ತದೆ. ಈಗ ಒಂದು ಅಸಾಧ್ಯವಾದ ಹುಡುಗಿಯನ್ನು ಊಹಿಸಿಕೊಳ್ಳಿ. ವರ್ಷದಲ್ಲಿ 18 ಡಬ್ಲ್ಯೂ15 ಆಡಿ ಹದಿನೆಂಟನ್ನೂ ಗೆದ್ದಳು. ಒಟ್ಟು ಎಷ್ಟು? 270. ಇನ್ನೊಬ್ಬಳು ಒಂದು ಡಬ್ಲ್ಯೂ100, ಎರಡು ಡಬ್ಲ್ಯೂ75, ಒಂದು ಡಬ್ಲ್ಯೂ35 ಗೆದ್ದಳು. ಅವಳಿಗೆ ನಾಲ್ಕೇ ಟೂರ್ನಿಗಳಲ್ಲಿ 285.

ನಮ್ಮ ಹುಡುಗಿಯರು ಡಬ್ಲ್ಯೂ15ರಲ್ಲಿ ಜಾಸ್ತಿ ದಿನ ಉಳಿದುಬಿಡುತ್ತಾರೆ. ಅಲ್ಲಿ ಸೀಡ್ (ಡ್ರಾದಲ್ಲಿ ಬಲಿಷ್ಠರಿಗೆ ಕೊಡುವ ಅನುಕೂಲದ ಸ್ಥಾನ) ಸಿಗುತ್ತದೆ, ಗೆಲುವು ಸಿಗುತ್ತದೆ, ವಾಟ್ಸಾಪ್ ಗುಂಪಿನಲ್ಲಿ ಅಭಿನಂದನೆ ಬರುತ್ತದೆ. ಮೇಲಿನ ಟೂರ್ನಿಯಲ್ಲಿ ಕ್ವಾಲಿಫೈಯಿಂಗ್ ಆಡಬೇಕು, ಮೂರನೇ ಸೆಟ್ ಬದಲು ಹತ್ತು ಪಾಯಿಂಟಿನ ಟೈಬ್ರೇಕ್‌ನಲ್ಲಿ ಸೋತು ಭಾನುವಾರವೇ ಪೆಟ್ಟಿಗೆ ಕಟ್ಟಬೇಕು. ಆದರೂ ನನ್ನ ಸಲಹೆ ಒಂದೇ. ಡಬ್ಲ್ಯೂ15ರಲ್ಲಿ ಎರಡು ಮೂರು ಬಾರಿ ಸೆಮಿಫೈನಲ್ ತಲುಪಿದ ಕೂಡಲೇ ಮೂರರಲ್ಲಿ ಎರಡು ವಾರ ಡಬ್ಲ್ಯೂ35 ಮತ್ತು ಅದರ ಮೇಲಿನದಕ್ಕೆ ಎಂಟ್ರಿ ಹಾಕಿ. ಭಾರತದಲ್ಲಿ ದೊಡ್ಡ ಐಟಿಎಫ್ ಟೂರ್ನಿ ನಡೆಯುವ ವಾರಗಳನ್ನು ಮೊದಲು ಗುರುತು ಹಾಕಿಕೊಳ್ಳಿ. ವೀಸಾ ಬೇಡ, ವಿಮಾನದ ಖರ್ಚು ಕಡಿಮೆ, ವೈಲ್ಡ್ ಕಾರ್ಡ್ (ಸಂಘಟಕರು ಕೊಡುವ ವಿಶೇಷ ಪ್ರವೇಶ) ಕೇಳಲು ನಮ್ಮವರೇ ಇರುತ್ತಾರೆ. ಆ ವಾರಗಳಲ್ಲಿ ಮಗಳು ದಣಿದಿರಬಾರದು.

ಒಂದು ವಿಷಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ, ಯಾವ ವಾರ ಎಷ್ಟು ಪಾಯಿಂಟ್ ಉದುರುತ್ತದೆ ಎಂದು. ಮೇ ತಿಂಗಳಲ್ಲಿ 50 ಪಾಯಿಂಟ್ ಹೋಗುವುದಿದ್ದರೆ, ಜೂನಿನ ಎಂಟ್ರಿ ಪಟ್ಟಿಗಳು ಬರುವ ಮೊದಲೇ ಏನಾದರೂ ಗಳಿಸಿರಬೇಕು.

ಇದಕ್ಕೆ ತಾಳ್ಮೆ ಎಷ್ಟು ಬೇಕು ಗೊತ್ತೇ? ಭಾರತದ ಅಂಕಿತಾ ರೈನಾ ಮೊದಲ 200ರೊಳಗೆ ಬಂದದ್ದು 2018ರಲ್ಲಿ, 25ನೇ ವಯಸ್ಸಿನಲ್ಲಿ. ಅವರ ಅತ್ಯುತ್ತಮ ಸ್ಥಾನ 160 ಬಂದದ್ದು 2020ರ ಮಾರ್ಚ್‌ನಲ್ಲಿ, 27ಕ್ಕೆ. ಅದಾದ ಕೂಡಲೇ ಕೊರೊನಾ ಬಂದು ಟೂರ್ನಿಗಳೇ ನಿಂತವು.

ಹೆಜ್ಜೆ 8: ಗ್ರ್ಯಾಂಡ್ ಸ್ಲಾಮ್ ಕ್ವಾಲಿಫೈಯಿಂಗ್

ಗ್ರ್ಯಾಂಡ್ ಸ್ಲಾಮ್ ಮೇನ್ ಡ್ರಾದ 128 ಸ್ಥಾನಗಳಲ್ಲಿ ರ‍್ಯಾಂಕಿಂಗ್ ಮೇಲೆ ಸಿಗುವುದು 104. ವೈಲ್ಡ್ ಕಾರ್ಡ್ 8. ಉಳಿದ 16ಕ್ಕೆ ಇನ್ನೂ 128 ಮಂದಿ ಮೂರು ಸುತ್ತು ಹೋರಾಡುತ್ತಾರೆ. ಅಂದರೆ 230ರ ಆಸುಪಾಸು ಬಂದರೆ ಕ್ವಾಲಿಫೈಯಿಂಗ್ ಬಾಗಿಲು ತೆರೆಯಿತು.

ಇಲ್ಲಿಂದ ಲೆಕ್ಕದ ಪುಸ್ತಕದ ಬಣ್ಣವೇ ಬದಲಾಗುತ್ತದೆ. 2025ರ ಯುಎಸ್ ಓಪನ್‌ನಲ್ಲಿ ಮೇನ್ ಡ್ರಾ ಮೊದಲ ಸುತ್ತಿನಲ್ಲಿ ಸೋತವರಿಗೆ 1,10,000 ಡಾಲರ್. ಕ್ವಾಲಿಫೈಯಿಂಗ್ ಮೊದಲ ಸುತ್ತಿನಲ್ಲಿ ಸೋತವರಿಗೂ 20 ಸಾವಿರಕ್ಕಿಂತ ಜಾಸ್ತಿ. ಒಂದು ಇಡೀ ಡಬ್ಲ್ಯೂ15 ಟೂರ್ನಿಯ ಬಹುಮಾನಕ್ಕಿಂತ ಹೆಚ್ಚು! ವರ್ಷಕ್ಕೆ ನಾಲ್ಕು ಗ್ರ್ಯಾಂಡ್ ಸ್ಲಾಮ್ ಕ್ವಾಲಿಫೈಯಿಂಗ್ ಆಡುವ ಹುಡುಗಿ ಒಬ್ಬ ಕೋಚಿಗೆ ಸಂಬಳ ಕೊಡಬಲ್ಲಳು. ಹಾಗಾಗಿ ನಿಮ್ಮ ಗುರಿ ಚೀಟಿಯಲ್ಲಿ ‘ವಿಂಬಲ್ಡನ್ ಗೆಲ್ಲಬೇಕು’ ಬದಲು ‘230’ ಎಂದು ಬರೆಯಿರಿ. ಎಮ್ಮಾ ರಾಡುಕಾನು 2021ರಲ್ಲಿ 150ನೇ ಸ್ಥಾನದಿಂದ ಬಂದು, ಕ್ವಾಲಿಫೈಯಿಂಗ್ ಆಡಿ, ಯುಎಸ್ ಓಪನ್ನನ್ನೇ ಗೆದ್ದರು. ಅದು ನಡೆದದ್ದು ನಿಜ. ಅದನ್ನು ನಂಬಿ ಸಾಲ ಮಾಡಬೇಡಿ.

ಹೆಜ್ಜೆ 9: ಮೈ, ಮಾತ್ರೆ, ಫೋನು

ಮುಟ್ಟಿನ ವಿಷಯ ಮನೆಯಲ್ಲೂ ಕೋಚ್ ಜೊತೆಯೂ ಬಾಯಿಬಿಟ್ಟು ಮಾತಾಡಿ. 2022ರ ಫ್ರೆಂಚ್ ಓಪನ್‌ನಲ್ಲಿ ಜೆಂಗ್ ಚಿನ್ವೆನ್, ಇಗಾ ಶ್ವಿಯಾಂಟೆಕ್ ವಿರುದ್ಧ ಮೊದಲ ಸೆಟ್ ಗೆದ್ದ ಮೇಲೆ ಮುಟ್ಟಿನ ಹೊಟ್ಟೆನೋವಿನಿಂದ ನರಳಿ ಸೋತರು, ಅದನ್ನು ಮುಚ್ಚಿಡದೆ ಹೇಳಿದರು. ಎಲ್ಲ ಬಿಳಿಯೇ ಬೇಕು ಎನ್ನುವ ವಿಂಬಲ್ಡನ್ ಕೂಡ 2023ರಿಂದ ಮಹಿಳೆಯರಿಗೆ ಗಾಢ ಬಣ್ಣದ ಒಳ ಚಡ್ಡಿ ಹಾಕಲು ಬಿಟ್ಟಿದೆ. ತಿಂಗಳ ದಿನಾಂಕಗಳೂ ಟೂರ್ನಿ ಡೈರಿಯಲ್ಲಿ ಇರಲಿ. ಇದನ್ನು ನನಗೆ ಹೇಳಿದ್ದು ಅಕ್ಕ. ಮೊದಲು ಮುಜುಗರ ಆಯಿತು, ಆಮೇಲೆ ನಾನೇ ಬರೆಯಲು ಶುರು ಮಾಡಿದೆ.

ಮಾತ್ರೆಯ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ. ಮರಿಯಾ ಶರಪೋವಾ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಮೆಲ್ಡೋನಿಯಂ 2016ರ ಜನವರಿ 1ರಿಂದ ನಿಷೇಧಿತ ಪಟ್ಟಿಗೆ ಸೇರಿತು. ಅದೇ ತಿಂಗಳ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಕೊನೆಗೆ 15 ತಿಂಗಳು ಹೊರಗುಳಿದರು. 2024ರಲ್ಲಿ ಶ್ವಿಯಾಂಟೆಕ್‌ಗೆ ನಿದ್ದೆಗೆಂದು ತೆಗೆದುಕೊಂಡ ಮೆಲಟೋನಿನ್ ಮಾತ್ರೆಯಲ್ಲಿ ಬೆರೆತಿದ್ದ ಬೇರೆ ವಸ್ತುವಿನಿಂದ ಒಂದು ತಿಂಗಳ ಅಮಾನತು ಬಂತು. ಪಕ್ಕದ ಮನೆಯವರು ಕೊಟ್ಟ ಚೂರ್ಣ, ಜಿಮ್ ಅಂಗಡಿಯ ಪುಡಿ ಎರಡಕ್ಕೂ ಇದೇ ಎಚ್ಚರ.

ಫೋನಿನಲ್ಲಿ ಇನ್ನೊಂದು ಪೀಡೆ ಬರುತ್ತದೆ, ಬೆಟ್ಟಿಂಗ್‌ನವರು. ಡಬ್ಲ್ಯೂ15ರಲ್ಲಿ ಸೋತರೂ ಎಲ್ಲೋ ದುಡ್ಡು ಕಳಕೊಂಡವನು ಕೆಟ್ಟದಾಗಿ ಬೈದು ಮೆಸೇಜ್ ಹಾಕುತ್ತಾನೆ. ಉತ್ತರಿಸದೆ ಬ್ಲಾಕ್ ಮಾಡಿ. ಯಾರಾದರೂ ಸೆಟ್ ಬಿಟ್ಟುಕೊಡಲು ಹೇಳಿದರೆ, ಒಪ್ಪದಿದ್ದರಷ್ಟೇ ಸಾಲದು. ಮೋಸದಾಟದ ತನಿಖೆ ಮಾಡುವ ಅಂತಾರಾಷ್ಟ್ರೀಯ ಟೆನಿಸ್ ಇಂಟೆಗ್ರಿಟಿ ಏಜೆನ್ಸಿಗೆ ತಿಳಿಸಲೇಬೇಕು. ತಿಳಿಸದಿರುವುದೂ ತಪ್ಪೇ.

ಹೆಜ್ಜೆ 10: ಡಬಲ್ಸ್‌ಗೆ ಮೊದಲ ದಿನದಿಂದಲೇ ಹೆಸರು ಹಾಕಿ

ಸಿಂಗಲ್ಸ್ ಸೋತವರು ಆಡುವುದು ಡಬಲ್ಸ್ ಎಂಬ ತಾತ್ಸಾರ ನಮ್ಮಲ್ಲಿದೆ. ಸಾನಿಯಾ ಮಣಿಕಟ್ಟಿನ ನೋವಿನಿಂದ ಸಿಂಗಲ್ಸ್ ಬಿಟ್ಟ ಮೇಲೆ, 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಮಾರ್ಟಿನಾ ಹಿಂಗಿಸ್ ಜೊತೆ ವಿಂಬಲ್ಡನ್, ಯುಎಸ್ ಓಪನ್, ಆಸ್ಟ್ರೇಲಿಯನ್ ಓಪನ್ ಮೂರನ್ನೂ ಸಾಲಾಗಿ ಗೆದ್ದರು. ನಡುವೆ ಸತತ 41 ಪಂದ್ಯ ಸೋತಿರಲಿಲ್ಲ. ಅಂಕಿತಾ ಕೂಡ 2021ರಲ್ಲಿ ಮೆಲ್ಬರ್ನ್‌ನಲ್ಲಿ ಡಬ್ಲ್ಯೂಟಿಎ ಡಬಲ್ಸ್ ಪ್ರಶಸ್ತಿ ಗೆದ್ದು ಆ ಪಟ್ಟಿಯ ಮೊದಲ ನೂರರೊಳಗೆ ಬಂದರು. ಡಬಲ್ಸ್‌ನಲ್ಲಿ ಲೆಕ್ಕಕ್ಕೆ ಬರುವುದು 12 ಟೂರ್ನಿ ಮಾತ್ರ. ಒಂದೇ ಜೊತೆಗಾರ್ತಿಯೊಂದಿಗೆ ಆರು ತಿಂಗಳು ಆಡಿ ನೋಡಿ. ವಾರಕ್ಕೊಬ್ಬರನ್ನು ಹುಡುಕುವುದರಲ್ಲಿ ಏನೂ ಕೂಡಿಬರುವುದಿಲ್ಲ.

ಹೆಜ್ಜೆ 11: ಗಾಯ, ಮಗು, ಬಿಡುವು, ವಿದಾಯ

ಗಾಯವಾಗಿ ಆರು ತಿಂಗಳಿಗಿಂತ ಹೆಚ್ಚು ಹೊರಗುಳಿದರೆ ಡಬ್ಲ್ಯೂಟಿಎಗೆ ಅರ್ಜಿ ಹಾಕಿ ವಿಶೇಷ ರ‍್ಯಾಂಕಿಂಗ್ ಪಡೆಯಬಹುದು. ವಾಪಸ್ ಬಂದಾಗ ಹಳೆಯ ಸ್ಥಾನದ ಮೇಲೆ ಕೆಲವು ಟೂರ್ನಿಗಳಿಗೆ ಪ್ರವೇಶ ಸಿಗುತ್ತದೆ. ಹೆರಿಗೆಗೂ ಇದು ಉಂಟು. 2025ರಿಂದ ಡಬ್ಲ್ಯೂಟಿಎ ಆಟಗಾರ್ತಿಯರಿಗೆ ಗರಿಷ್ಠ 12 ತಿಂಗಳ ಸಂಬಳ ಸಹಿತ ಹೆರಿಗೆ ರಜೆಯೂ ಬಂದಿದೆ. ಸಾನಿಯಾ ಮಗ ಹುಟ್ಟಿದ ಮೇಲೆ 2020ರ ಜನವರಿಯಲ್ಲಿ ಹೋಬಾರ್ಟ್‌ಗೆ ಮರಳಿ, ಮೊದಲ ಟೂರ್ನಿಯಲ್ಲೇ ಡಬಲ್ಸ್ ಗೆದ್ದರು. ಕೊನೆಯ ಗ್ರ್ಯಾಂಡ್ ಸ್ಲಾಮ್‌ನಲ್ಲಿ, 2023ರ ಮೆಲ್ಬರ್ನ್‌ನಲ್ಲಿ, ಅವರು ಮಿಶ್ರ ಡಬಲ್ಸ್ ಫೈನಲ್ ಆಡಿದ್ದು ನಮ್ಮ ಕೊಡಗಿನ ರೋಹನ್ ಬೋಪಣ್ಣ ಜೊತೆ.

ಬೇಸರವಾದರೆ ಬಿಡುವು ತೆಗೆದುಕೊಳ್ಳುವುದೂ ವೃತ್ತಿಯ ಭಾಗವೇ. ಆಶ್ಲೀ ಬಾರ್ಟಿ 2014ರಲ್ಲಿ ಟೆನಿಸ್ ಬಿಟ್ಟು ಹೋಗಿ ಬ್ರಿಸ್ಬೇನ್ ತಂಡಕ್ಕೆ ಕ್ರಿಕೆಟ್ ಆಡಿದರು. 2016ರಲ್ಲಿ ಮರಳಿದರು, 2021ರಲ್ಲಿ ವಿಂಬಲ್ಡನ್ ಗೆದ್ದರು, 25ನೇ ವಯಸ್ಸಿಗೆ ನಂಬರ್ ಒನ್ ಆಗಿರುವಾಗಲೇ ನಿವೃತ್ತರಾದರು.

ನಿವೃತ್ತಿಗೂ ಒಂದು ಅರ್ಜಿ ಇದೆ. ಮೇಲಿನ ಮಟ್ಟದ ಆಟಗಾರ್ತಿಯರು ಡೋಪಿಂಗ್ ಪರೀಕ್ಷೆಗಾಗಿ ದಿನಕ್ಕೆ ಒಂದು ಗಂಟೆ ಎಲ್ಲಿರುತ್ತೇವೆ ಎಂದು ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ ಮೂರು ಬಾರಿ ತಪ್ಪಿದರೆ ಶಿಕ್ಷೆ. ಆಟ ಬಿಟ್ಟೆ ಎಂದು ಲಿಖಿತವಾಗಿ ಕೊಟ್ಟರೆ ಮಾತ್ರ ಇದು ನಿಲ್ಲುತ್ತದೆ. ಕೊಟ್ಟ ಮೇಲೆ ಮನಸ್ಸು ಬದಲಾಯಿಸಿ ಮರಳಬೇಕೆಂದರೆ ಆರು ತಿಂಗಳು ಮುಂಚೆ ನೋಟಿಸ್ ಕೊಟ್ಟು, ಪರೀಕ್ಷೆಗೆ ಸಿಗುತ್ತಾ ಕಾಯಬೇಕು. ಅದಕ್ಕೇ, ಸೋತ ದಿನ ಸಿಟ್ಟಿನಲ್ಲಿ ಆ ಪತ್ರ ಕಳಿಸಬೇಡಿ. ಬರೆದು, ಮೇಜಿನ ಡ್ರಾಯರಿನಲ್ಲಿ ಒಂದು ತಿಂಗಳು ಇಟ್ಟು, ಆಮೇಲೆ ಮತ್ತೆ ಓದಿ.